ನೇರಳೆ ಬೆರಳುಗಳ ತಂಡ

ರಾತ್ರಿ ಶಾಲೆಯ ಸಂಚಿಕೆಗೆ ಆಟೋಟದ ಬಗ್ಗೆ ಬರೆಯುತ್ತಿದ್ದೇನೆ ಎಂದಾಗ ಹಳೆಯ ಸಹಪಾಠಿಯೊಬ್ಬ ಫೋನಿನಲ್ಲೇ ನಕ್ಕುಬಿಟ್ಟ. "ನಮಗೆ ಎಲ್ಲಿತ್ತು ಮಾರಾಯ ಆಟ?" ಅವನ ನಗುವಿಗೂ ಕಾರಣವಿದೆ. ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲುಗಳಲ್ಲಿ ನಸುಕಿಗೇ ಎದ್ದು ದುಡಿದು, ಸಂಜೆ ಆರೂವರೆಗೆ ಕೈ ಒರೆಸಿಕೊಂಡು ಓಡಿ ಬರುತ್ತಿದ್ದ ಹುಡುಗರು ನಾವು. ಕಟ್ಟಡ ಹಗಲು ಶಾಲೆಯವರದು, ನಮಗೆ ಸಿಗುತ್ತಿದ್ದುದು ಮೂರು ಗಂಟೆ. ವೇಳಾಪಟ್ಟಿಯಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ಡಿಗೆ 'ಶಾ. ಶಿ.' ಎಂದು ಬರೆದಿರುತ್ತಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಶಾರೀರಿಕ ಶಿಕ್ಷಣವೆಂದರೆ ಬೆಂಚಿಗೆ ತಲೆಯಾನಿಸಿ ನಿದ್ದೆ ಹೋಗುವುದು.

1987ರ ಜೂನ್‌ನಲ್ಲಿ, ನಾನು ಎಂಟನೆಯ ತರಗತಿಯಲ್ಲಿದ್ದಾಗ, ಹೊಸ ಪಿ.ಟಿ. ಮಾಸ್ತರರು ಬಂದರು. ಧಾರವಾಡದ ಕಡೆಯವರು. ತುಳು ಮಾತನಾಡಿಕೊಂಡಿದ್ದ ನಮಗೆ ಅವರ ಕನ್ನಡವೇ ಒಂದು ತಮಾಷೆ. ಮೊದಲ ದಿನ ಸೀಟಿ ಊದುತ್ತಾರೆ, ಕವಾಯತು ಮಾಡಿಸುತ್ತಾರೆ ಎಂದು ಕಾದು ಕುಳಿತರೆ, ಅವರು ಹೇಳಿದ್ದು ಇಷ್ಟೇ: "ತಮ್ಮಾ, ಚಪ್ಪಲಿ ತೆಗೆ. ಪಾದ ತೋರಿಸು."

ಹೋಟೆಲಿನ ಮೋರಿಯಲ್ಲಿ ಪಾತ್ರೆ ತೊಳೆಯುವವರ ಕಾಲು ಹೇಗಿರುತ್ತದೆಂದು ನೋಡಿದವರಿಗೇ ಗೊತ್ತು. ದಿನವಿಡೀ ಸೋಪಿನ ನೀರಿನಲ್ಲಿ ನಿಂತು ಬೆರಳ ಸಂದುಗಳು ಬೆಳ್ಳಗೆ ನೆನೆದು, ಬಿರಿದು, ನಾರುತ್ತಿದ್ದವು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಮಾಸ್ತರರು ಮಂಡಿಯೂರಿ ಕುಳಿತು ಒಬ್ಬೊಬ್ಬರ ಬೆರಳನ್ನೂ ಬಿಡಿಸಿ ನೋಡಿದರು. ನಾಚಿಕೆಯಿಂದ ನಾವು ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದೆವು. ಮರುವಾರ ಅವರ ಚೀಲದಿಂದ ಜೆಂಟಿಯನ್ ವಯಲೆಟ್ ಎಂಬ ಔಷಧಿಯ ಬಾಟಲಿ ಹೊರಬಂತು. ಆ ಮಳೆಗಾಲ ಮುಗಿಯುವವರೆಗೂ ಶುಕ್ರವಾರದ ಪಿ.ಟಿ. ಎಂದರೆ ಕಾಲು ತೊಳೆದು, ಒರೆಸಿ, ಬೆರಳ ಸಂದಿಗೆ ಆ ನೇರಳೆ ನೀರು ಹಚ್ಚಿಕೊಳ್ಳುವುದು. ಬೇರೇನೂ ಇಲ್ಲ.

ಅಕ್ಟೋಬರಿನಲ್ಲಿ ನೆಲ ಒಣಗಿದ ಮೇಲೆ ನಮ್ಮನ್ನು ಆಜಾದ್ ಮೈದಾನಕ್ಕೆ ಕರೆದೊಯ್ದರು. ಭಾನುವಾರ ಕಚೇರಿಗಳು ಮುಚ್ಚಿರುವುದರಿಂದ ಫೋರ್ಟಿನ ಹೋಟೆಲುಗಳಿಗೆ ಗಿರಾಕಿಗಳಿಲ್ಲ, ಹಾಗಾಗಿ ನಮಗೆ ಬಿಡುವು. ಆದರೆ ಅದೇ ಭಾನುವಾರ ಮೈದಾನದ 22 ಪಿಚ್‌ಗಳೂ ಕ್ರಿಕೆಟ್ಟಿನವರಿಂದ ತುಂಬಿರುತ್ತಿದ್ದವು. ಒಂದು ಪಂದ್ಯದ ಸ್ಲಿಪ್ ಫೀಲ್ಡರ್ ಇನ್ನೊಂದು ಪಂದ್ಯದ ಬೌಂಡರಿಯ ಪಕ್ಕದಲ್ಲಿ ನಿಂತಿರುವ ಜಾತ್ರೆ ಅದು. ಬೇಲಿಯ ಮೂಲೆಯಲ್ಲಿ ಒಂದಿಷ್ಟು ಜಾಗ ಸಿಕ್ಕಿದ್ದೇ ಪುಣ್ಯ.

ನಮಗೆಲ್ಲ ಕಬಡ್ಡಿಯ ಆಸೆ. ಮಾಸ್ತರರು ಒಪ್ಪಲಿಲ್ಲ. "ಕೈ ಮುರಿದುಕೊಂಡರೆ ನಾಳೆ ಧಣಿ ನಿನಗೆ ಸಂಬಳ ಕೊಡುತ್ತಾನೇನು?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಅವರ ಆಯ್ಕೆ ಖೋಖೋ. ಅದರಲ್ಲಿ ಹಿಡಿಯುವುದಿಲ್ಲ, ಕೆಡವುವುದಿಲ್ಲ, ಮುಟ್ಟಿದರೆ ಸಾಕು. ಅದರ ನಿಯಮಗಳನ್ನು 1914ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ಕುಳಿತು ರೂಪಿಸಿದರೆಂದು ಹೇಳುವಾಗ, ತಾವೂ ಆ ಸಭೆಯಲ್ಲಿದ್ದವರಂತೆ ಮುಖ ಮಾಡುತ್ತಿದ್ದರು. (1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಕಬಡ್ಡಿಯ ಚಿನ್ನ ಗೆದ್ದಾಗ ನಾವು ಪತ್ರಿಕೆ ಹಿಡಿದುಕೊಂಡು ಹೋಗಿ ಅವರನ್ನು ಚೆನ್ನಾಗಿ ಸತಾಯಿಸಿದೆವು.)

ಗೆರೆ ಎಳೆಯಲು ಸುಣ್ಣವಿರಲಿಲ್ಲ. ಹೋಟೆಲಿನಲ್ಲಿ ಪಾರ್ಸಲ್ ಕಟ್ಟುವ ಸುತಳಿಯನ್ನೇ ಎಳೆದು ಗೂಟ ಹೊಡೆದೆವು. ಗಲ್ಲೆಯ ಮೇಲಿನ ಸುತಳಿ ಉಂಡೆ ವಾರವಾರವೂ ಕರಗುವುದೇಕೆಂದು ನಮ್ಮ ಮ್ಯಾನೇಜರರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಕಂಬಗಳೂ ಇರಲಿಲ್ಲ. ಎರಡು ತುದಿಗೆ ಇಬ್ಬರು ಹುಡುಗರು ನಿಲ್ಲಬೇಕು. ಓಟ ಬಾರದ ನಾನು ಎರಡು ತಿಂಗಳು ಕಂಬವಾಗಿದ್ದೆ. ಓಡಿ ಬಂದವರು ಸೊಂಟ ಹಿಡಿದು ಗಿರ್ರನೆ ತಿರುಗಿ ಹೋಗುತ್ತಿದ್ದರು. ಇದ್ದ ಎರಡು ಅಂಗಿಗಳಲ್ಲಿ ಒಂದು ಹೀಗೆ ಹರಿಯಿತು.

ಹೋಟೆಲಿನಲ್ಲಿ ನಾನು ಬಾಹರ್‌ವಾಲಾ, ಅಂದರೆ ಕಚೇರಿಗಳಿಗೆ ಚಹಾ ಒಯ್ಯುವವನು. ನಮ್ಮ ಮಾಸ್ತರರು ಹಗಲಿನಲ್ಲಿ ಗುಮಾಸ್ತರಾಗಿದ್ದ ಕಚೇರಿ ನನ್ನ ಸರದಿಯಲ್ಲೇ ಇತ್ತು, ನಾಲ್ಕನೆಯ ಮಹಡಿಯಲ್ಲಿ. ಆರು ಗ್ಲಾಸಿನ ತಂತಿಬುಟ್ಟಿ ಹಿಡಿದು ಎರಡು ಸಾಲು ಮೇಜುಗಳ ನಡುವೆ ಹೋಗುವಾಗ ಬಾಕಿಯವರು ಚಿಟಿಕೆ ಹೊಡೆದು ಕರೆಯುತ್ತಿದ್ದರು. ಮಾಸ್ತರರು ಮಾತ್ರ ನನ್ನ ಗುರುತೇ ಇಲ್ಲದವರಂತೆ ಫೈಲಿನಲ್ಲಿ ಮುಖ ಹುದುಗಿಸಿರುತ್ತಿದ್ದರು. ನನಗೆ ಬೇಸರವಾಗಿತ್ತು. ಆದರೆ ಒಂದು ರಾತ್ರಿ ಅವರೇ ಕರೆದು ಕೇಳಿದರು: "ಇವತ್ತು ಮೂರನೆಯ ಮೇಜಿನ ಹತ್ತಿರ ಎಡಗಾಲು ಯಾಕೆ ಹಿಂದೆ ಇಟ್ಟೆ?"

ಫೈಲನ್ನಲ್ಲ, ಅವರು ನೋಡುತ್ತಿದ್ದದ್ದು ನನ್ನ ಕಾಲನ್ನು. ಖೋಖೋದಲ್ಲಿ ಎಂಟು ಜನ ಸಾಲಾಗಿ, ಒಬ್ಬ ಇತ್ತ ಒಬ್ಬ ಅತ್ತ ಮುಖ ಮಾಡಿ ಕುಳಿತಿರುತ್ತಾರೆ. ಅಟ್ಟಿಸಿಕೊಂಡು ಬರುವವನು ಆ ಸಾಲನ್ನು ನಡುವೆ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದಿರುಗುವಂತಿಲ್ಲ. ಓಡುವವನಿಗೆ ಆ ಕಟ್ಟಳೆಗಳಿಲ್ಲ. ಕುಳಿತವರ ನಡುವೆ ಸೂಜಿದಾರದಂತೆ ಒಳಗೂ ಹೊರಗೂ ನುಸುಳಬಹುದು. ಸಿಂಗಲ್ ಚೈನ್ ಎನ್ನುತ್ತಾರೆ ಅದಕ್ಕೆ. "ಚಹಾ ಚೆಲ್ಲದೆ ಮೇಜುಗಳ ನಡುವೆ ದಿನಕ್ಕೆ ನಲವತ್ತು ಸಲ ಮಾಡುತ್ತೀಯ. ಭಾನುವಾರ ಬುಟ್ಟಿ ಇಲ್ಲದೆ ಮಾಡು," ಎಂದರು. ನಾನು ಕಂಬದ ಕೆಲಸದಿಂದ ಬಿಡುಗಡೆ ಹೊಂದಿದೆ.

1988ರ ಫೆಬ್ರವರಿಯ ಮಾತು ಬಂದರೆ ಈಗಲೂ ಜನ ಕೇಳುತ್ತಾರೆ: ಶಾಲಾ ಕ್ರಿಕೆಟ್ಟಿನ ಹ್ಯಾರಿಸ್ ಶೀಲ್ಡ್ ಸೆಮಿಫೈನಲ್‌ನಲ್ಲಿ ಶಾರದಾಶ್ರಮ ಶಾಲೆಯ ಸಚಿನ್ ಮತ್ತು ಕಾಂಬ್ಳಿ 664 ರನ್ನುಗಳ ಜೊತೆಯಾಟ ಆಡಿದ್ದು ಅದೇ ಆಜಾದ್ ಮೈದಾನದಲ್ಲಲ್ಲವೇ, ನೀವು ನೋಡಿದಿರಾ? ಎಲ್ಲಿಂದ ನೋಡುವುದು! ಕೆಲಸದ ದಿನಗಳವು. ಹದಿನೈದು ನಿಮಿಷದ ದಾರಿಯಲ್ಲಿ ಚರಿತ್ರೆ ನಡೆಯುತ್ತಿದ್ದಾಗ ನಾನು ಯಾವುದೋ ಮಹಡಿಯಲ್ಲಿ ಖಾಲಿ ಗ್ಲಾಸು ಎಣಿಸುತ್ತಿದ್ದೆ.

ನಮ್ಮ ಚರಿತ್ರೆ ಮುಂದಿನ ತಿಂಗಳು ನಡೆಯಿತು. ಪರೇಲ್ ಕಡೆಯ ಮರಾಠಿ ರಾತ್ರಿ ಶಾಲೆಯೊಂದರ ಜೊತೆ ಪಂದ್ಯ. ಅವರಿಗೆ ಖೋಖೋ ಹುಟ್ಟುಗುಣ. ನಮ್ಮ ಕಾಲುಗಳನ್ನು ಕಂಡು "ಜಾಂಭಳೆ ಪಾಯ್" ಎಂದು ಹೆಸರಿಟ್ಟರು, ನೇರಳೆ ಕಾಲಿನವರೆಂದು. ಓಡಲು ಇಳಿದ ನಮ್ಮ ಮೊದಲ ಮೂವರಲ್ಲಿ ಇಬ್ಬರು ಬೇಗ ಔಟಾದರು, ಉಳಿದವನು ನಾನು. ಒಳಗೆ, ಹೊರಗೆ, ಒಳಗೆ, ಹೊರಗೆ. ನಾಲ್ಕನೆಯ ಮಹಡಿಯ ಮೇಜುಗಳೇ ಕಣ್ಣ ಮುಂದೆ. ಎಷ್ಟು ಹೊತ್ತಾಯಿತೋ, ಗೆರೆಯಾಚೆಯಿಂದ ಒಬ್ಬ ಕೂಗಿದ: "ಏ ಛೋಟೂ, ದೋ ಚಾಯ್!"

ನಾನು ತಿರುಗಿ ನೋಡಿದೆ. ಬೆನ್ನ ಮೇಲೆ ಕೈ ಬಿತ್ತು.

ಪಂದ್ಯ ಸೋತೆವು, ಅದು ದೊಡ್ಡ ಮಾತಲ್ಲ. ಮಾಸ್ತರರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮರುದಿನ ಎಂದಿನಂತೆ ಅವರ ಮೇಜಿನ ಮೇಲೆ ಚಹಾ ಇಟ್ಟು ಸಾಲಿನ ನಡುವೆ ನಾಲ್ಕು ಹೆಜ್ಜೆ ಹೋಗಿದ್ದೆ. ಹಿಂದಿನಿಂದ ಗಟ್ಟಿಯಾಗಿ ದನಿ ಬಂತು: "ಏ ಛೋಟೂ!" ಇಡೀ ಕಚೇರಿ ತಲೆಯೆತ್ತಿತು. ಆ ಧಾರವಾಡದ ಉಚ್ಚಾರ ಯಾರದೆಂದು ನನಗೆ ಗೊತ್ತಾಗದೆ ಇರುತ್ತದೆಯೇ? ತಿರುಗದೆ ಹೊರಗಿನ ಸಾಲಿಗೆ ನುಸುಳಿ, ಮೂರನೆಯ ಮೇಜು ದಾಟಿ, ಮೆಟ್ಟಿಲಿಳಿದೆ. ಬುಟ್ಟಿಯಲ್ಲಿ ಇನ್ನೂ ಎರಡು ತುಂಬಿದ ಗ್ಲಾಸುಗಳಿದ್ದವು.