ಒಂದು ಸ್ಟಾರ್, ತಣ್ಣಗಾದ ಅನ್ನ ಮತ್ತು ನಮ್ಮ ಮಾವ

ಗಂಗಾವತಿಯಲ್ಲಿ ನಮ್ಮ ಸೋದರಮಾವನ ಖಾನಾವಳಿ ಇದೆ. ಹೆಸರು ಹೇಳಲ್ಲ. ಹೇಳಿದರೆ ನೀವು ಹೋಗಿ ಗೂಗಲ್‌ನಲ್ಲಿ ಹುಡುಕ್ತೀರಿ, ಆಮೇಲೆ ಮಾವ ನನ್ನನ್ನ ಹುಡುಕ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೊನೆಗೆ ಸೋನಾ ಮಸೂರಿ ಅನ್ನ. ಇಪ್ಪತ್ತು ವರ್ಷದಲ್ಲಿ ಬಾಗಿಲ ಮೇಲಿನ ಬೋರ್ಡ್ ಬಿಟ್ಟರೆ ಜಾಹೀರಾತಿಗೆ ಒಂದು ರೂಪಾಯಿ ಬಿಚ್ಚಿದವರಲ್ಲ. ಅವರ ಹೆಸರು ಕಾಯೋಕೆ ಎದುರಿನ ಚಹಾದಂಗಡಿ ಇತ್ತಲ್ಲ! ಯಾರಾದರೂ ಅಲ್ಲಿ ನಿಂತು ಊಟ ಸರಿಯಿರಲಿಲ್ಲ ಅಂದರೆ ಚಹಾ ಕುಡಿಯೋಕೆ ಬಂದವರೇ ನಾಲ್ಕು ಜನ ಮಾವನ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದರು.

ಈಗ ಬರುವವರಲ್ಲಿ ಅರ್ಧ ಜನ ಅಂಜನಾದ್ರಿ ಬೆಟ್ಟದ ಹನುಮನ ಗುಡಿಗೆ ಹೊರಟವರು. ಹೈದರಾಬಾದ್, ಬೆಂಗಳೂರು ಕಡೆಯವರು. ಅವರಿಗೆ ಚಹಾದಂಗಡಿ ಗೊತ್ತಿಲ್ಲ, ಮ್ಯಾಪ್ ಗೊತ್ತು.

ಹೋದ ಡಿಸೆಂಬರ್‌ನಲ್ಲಿ, ಹನುಮಮಾಲೆಯ ಗದ್ದಲದ ನಡುವೆ, ಅಂಥ ಒಬ್ಬರು ಊಟ ಮಾಡಿ ಹೋಗಿ ಒಂದು ಸ್ಟಾರ್ ಹಾಕಿದರು. ‘ಅನ್ನ ತಣ್ಣಗಿತ್ತು. ಬಿಲ್ ಕೇಳಿದರೆ ಮಾಲೀಕರು ಸಿಡುಕಿದರು.’ ಇಷ್ಟೇ. ರಾತ್ರಿ ಹತ್ತೂವರೆಗೆ ಮಾವನ ಫೋನ್: ‘ಅಳಿಯಾ, ಅವನ ನಂಬರ್ ತಗದು ಕೊಡು.’

ಕೊಪ್ಪಳ, ಸಿಂಧನೂರು ಕಡೆಯ ಅಂಗಡಿ, ಲಾಡ್ಜ್, ಕ್ಲಿನಿಕ್‌ಗಳ ಫೇಸ್‌ಬುಕ್ ಪೇಜು, ಗೂಗಲ್ ಪ್ರೊಫೈಲ್ ನೋಡಿಕೊಳ್ಳೋದು ನನ್ನ ಹೊಟ್ಟೆಪಾಡು. ಕಾರ್ಡಿನ ಮೇಲೆ ಪಿಆರ್, ಅಂದರೆ ಸಾರ್ವಜನಿಕ ಸಂಪರ್ಕ, ಅಂತ ಬರೆಸಿದ್ದೇನೆ. ಮನೆಯಲ್ಲಿ ‘ಮೊಬೈಲ್ ನೋಡೋ ಕೆಲಸ’ ಅಂತಾರೆ. ನಂಬರ್ ಸಿಗಲ್ಲ ಮಾವ ಅಂದೆ. ಹಾಗಾದರೆ ಉತ್ತರ ಬರಿ ಅಂತ ಅವರೇ ಹೇಳತೊಡಗಿದರು, ನಾನು ಬರೆದುಕೊಂಡೆ. ಅದರಲ್ಲಿ ಆ ಗಿರಾಕಿಯ ಅಪ್ಪ, ಅಜ್ಜ ಎಲ್ಲರೂ ಬಂದು ಹೋದರು. ಬರೆದೆನೇ ಹೊರತು ಹಾಕಲಿಲ್ಲ. ರಾತ್ರಿ ಊಟ ಆದಮೇಲೆ ಬರೆದ ಯಾವ ಉತ್ತರವನ್ನೂ ಬೆಳಿಗ್ಗೆ ಓದದೆ ಹಾಕಬಾರದು, ಈ ಕೆಲಸದಲ್ಲಿ ನಾನು ಪೆಟ್ಟು ತಿಂದೇ ಕಲಿತದ್ದು ಇದೊಂದು.

ಬೆಳಿಗ್ಗೆ ಹೊತ್ತಿಗೆ ಮಾವ ವಕೀಲರ ನೋಟಿಸ್ ತನಕ ಹೋಗಿದ್ದರು. ಆಗ ಅವರಿಗೆ ಅಮೆರಿಕದ ಗಾಯಕಿ ಬಾರ್ಬರಾ ಸ್ಟ್ರೈಸಾಂಡ್ ಕಥೆ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರು ಕಡಲತೀರ ಸವೆಯೋದನ್ನ ದಾಖಲಿಸೋಕೆ ಮೇಲಿಂದ ಸಾವಿರಾರು ಫೋಟೊ ತೆಗೆದು ಅಂತರ್ಜಾಲದಲ್ಲಿ ಇಟ್ಟಿದ್ದರು. ಒಂದರಲ್ಲಿ ಈಕೆಯ ಮನೆ ಇತ್ತು. ತೆಗೆಸಿ ಅಂತ 2003ರಲ್ಲಿ 5 ಕೋಟಿ ಡಾಲರ್‌ಗೆ ದಾವೆ ಹೂಡಿದಳು. ಅದಕ್ಕೂ ಮುಂಚೆ ಆ ಫೋಟೊ ಡೌನ್‌ಲೋಡ್ ಆಗಿದ್ದು ಬರೀ 6 ಸಲ, ಅದರಲ್ಲೂ 2 ಸಲ ಆಕೆಯ ವಕೀಲರೇ ಮಾಡಿದ್ದು. ದಾವೆಯ ಸುದ್ದಿ ಹಬ್ಬಿದ ಮೇಲೆ ಒಂದೇ ತಿಂಗಳಲ್ಲಿ 4 ಲಕ್ಷಕ್ಕೂ ಜಾಸ್ತಿ ಜನ ಬಂದು ನೋಡಿದರು. ಕೇಸೂ ಸೋತಳು, ಎದುರಿನವರ ವಕೀಲರ ಫೀಸನ್ನೂ ಕಟ್ಟಿದಳು. ಮಾವ ಕೇಳಿದ್ದು ಒಂದೇ ಪ್ರಶ್ನೆ: ‘ಆಕಿ ಮನಿ ಎಷ್ಟು ದೊಡ್ಡದಿತ್ತು?’ ಆದರೆ ನೋಟಿಸ್ ಮಾತು ಅಲ್ಲಿಗೆ ನಿಂತಿತು.

ಆಮೇಲೆ ಯಾರೋ ಹುಡುಗ ವಾಟ್ಸಾಪ್‌ನಲ್ಲಿ ಗಂಟು ಬಿದ್ದ. ದುಡ್ಡು ಕೊಟ್ಟರೆ ಐವತ್ತು ಫೈವ್ ಸ್ಟಾರ್ ಹಾಕಿಸ್ತಾನಂತೆ. ಮಾವನಿಗೆ ಆಸೆ. ನಾನು ಗದರಿದೆ. ದುಡ್ಡು, ರಿಯಾಯಿತಿ ಕೊಟ್ಟು ರಿವ್ಯೂ ಬರೆಸೋದು ಗೂಗಲ್ ನಿಯಮಕ್ಕೇ ವಿರುದ್ಧ. ಆನ್‌ಲೈನ್ ರಿವ್ಯೂಗಳು ಹೇಗಿರಬೇಕು ಅಂತ ನಮ್ಮ ಸರ್ಕಾರವೇ 2022ರಲ್ಲಿ ಐಎಸ್ 19000 ಅನ್ನೋ ಮಾನದಂಡ ತಂದಿದೆ. ಅದೆಲ್ಲ ಬಿಡಿ, ಗಂಗಾವತಿ ಖಾನಾವಳಿಗೆ ಒಂದೇ ದಿನ ಐವತ್ತು ಜನ ‘ವಾವ್ ಸೂಪರ್ ಆಂಬಿಯನ್ಸ್’ ಅಂತ ಬರೆದರೆ ಯಾರು ನಂಬ್ತಾರೆ? ಮಾವನಲ್ಲಿರೋದು ಎರಡು ಫ್ಯಾನು, ಒಂದು ದೇವರ ಫೋಟೊ.

‘ಹಂಗಾದ್ರ ಸುಮ್ನ ಬಿಡೂಣು’ ಅಂದರು. ಅದಕ್ಕೂ ನಾನು ಒಪ್ಪಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತಲ್ಲ, ನೆನಪಿದೆಯಾ? 33 ಗೇಟಲ್ಲಿ ಹೋಗಿದ್ದು ಒಂದು, ಆದರೆ ನಮ್ಮ ಮನೆ ಗ್ರೂಪಿನಲ್ಲಿ ಬೆಳಗಾಗುವಷ್ಟರಲ್ಲಿ ಡ್ಯಾಮೇ ಒಡೆದುಹೋಗಿತ್ತು. ಎಲ್ಲಿಯದೋ ಪ್ರವಾಹದ ವಿಡಿಯೊಗೆ ನಮ್ಮೂರ ಹೆಸರು ಅಂಟಿಸಿ ಯಾರೋ ಕಳಿಸಿದ್ದರು. ಸರಿಯಾಗಿ ತಿಳಿದವರ ಮಾತು ನಮ್ಮ ಫೋನಿಗೆ ಬರೋದು ತಡವಾದಷ್ಟೂ ಆ ವಿಡಿಯೊ ನಿಜವಾಗ್ತಾ ಹೋಯಿತು. ಸ್ಟಾಪ್ ಲಾಗ್, ಅಂದರೆ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆ, ಇಳಿಸಿ ನೀರು ನಿಲ್ಲಿಸೋಕೆ ಒಂದು ವಾರ ಸಾಕಾಯಿತು. ನಮ್ಮತ್ತೆ ಮಾತ್ರ ಗಂಟು ಕಟ್ಟಿದ್ದನ್ನ ಇನ್ನೂ ಹದಿನೈದು ದಿನ ಬಿಚ್ಚಲಿಲ್ಲ.

ಹಾಗಾಗಿ ಕೊನೆಗೆ ಕೂತು, ಕೇಳಲೇಬೇಕಾದ್ದನ್ನ ಕೇಳಿದೆ. ‘ಮಾವ, ಖರೇನ ಅವತ್ತು ಬಿಲ್ ಕೊಟ್ಟಿರೇನು?’ ಮಾವ ಬೇರೆ ಕಡೆ ನೋಡಿದರು. ಬಿಲ್ ಬುಕ್ ಮುಗಿದು ಎರಡು ತಿಂಗಳಾಗಿತ್ತು! 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರೋದನ್ನೂ ಅನುಚಿತ ವ್ಯಾಪಾರ ಅಂತಲೇ ಬರೆದಿದ್ದಾರೆ ಅಂದೆ. ನೋಟಿಸ್ ಕಳಿಸೋಕೆ ಹೊರಟಿದ್ದವರು ಯಾರು, ಬರಬೇಕಾಗಿದ್ದು ಯಾರಿಗೆ! ಅನ್ನದ ವಿಷಯವೂ ಅಷ್ಟೇ. ಆ ಗದ್ದಲದಲ್ಲಿ ಹನ್ನೊಂದಕ್ಕೇ ಬಸಿದಿಟ್ಟಿದ್ದನ್ನ ಮೂರು ಗಂಟೆಗೆ ಬಡಿಸಿದ್ದರು.

ಉತ್ತರ ನಾಲ್ಕೇ ಸಾಲು ಬರೆದೆವು. ಅವತ್ತು ಜನ ಜಾಸ್ತಿ ಇದ್ದರು, ಅನ್ನ ತಣ್ಣಗಾಗಿದ್ದು ನಿಜ. ಬಿಲ್ ಬುಕ್ ಇರಲಿಲ್ಲ, ಈಗ ತರಿಸಿದ್ದೇವೆ. ಸಿಡುಕಿದ್ದು ನಮ್ಮ ತಪ್ಪು. ಮತ್ತೆ ಈ ಕಡೆ ಬಂದರೆ ಬನ್ನಿ. ‘ನಮ್ಮ ತಪ್ಪು’ ಅನ್ನೋ ಎರಡು ಪದಕ್ಕೆ ಮಾವ ಅರ್ಧ ಗಂಟೆ ಜಗ್ಗಾಡಿದರು. ಆ ಗಿರಾಕಿ ಇದನ್ನ ಓದೋದು ಅನುಮಾನ ಮಾವ, ನಾಳೆ ಹಸಿದು ಬರೋ ಇನ್ನೊಬ್ಬ ಓದ್ತಾನೆ, ಬರೆದಿರೋದು ಅವನಿಗೆ ಅಂದಮೇಲೆ ಹೂಂ ಅಂದರು.

ಬರೆದವರು ಸ್ಟಾರ್ ಬದಲಾಯಿಸಲಿಲ್ಲ. ಅದು ಇನ್ನೂ ಅಲ್ಲೇ ಇದೆ, ಕೆಳಗೆ ನಮ್ಮ ನಾಲ್ಕು ಸಾಲು. ಮೊನ್ನೆ ಒಬ್ಬರು ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತಾ ಗಲ್ಲೆ ಹತ್ತಿರ ಬಂದು, ‘ಈಗ ಬಿಲ್ ಕೊಡ್ತೀರಂತಲ್ರೀ’ ಅಂದು ನಕ್ಕರಂತೆ. ಅದು ಹೊಗಳಿದ್ದೋ ಕಿಚಾಯಿಸಿದ್ದೋ ಅಂತ ಮಾವ ನನಗೆ ಎರಡು ಸಲ ಫೋನ್ ಮಾಡಿ ಕೇಳಿದ್ದಾರೆ.