ಹೊಂಗೆ ಮರದ ಶಾಸನ

ಮೇಷ್ಟ್ರು ಹೋದರು ಅಂತ ಗೊತ್ತಾದಾಗ ನಾನು ಕೋರ್ಟಿನ ಮೆಟ್ಟಿಲ ಮೇಲೆ ಕಾಫಿ ಹಿಡಿದು ನಿಂತಿದ್ದೆ. ನಮ್ಮ 1991ರ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಗುಲಾಬಿ ಹೂವಿನ ಎರಡು ಗುಡ್ ಮಾರ್ನಿಂಗ್‌ಗಳ ಮಧ್ಯೆ ಒಂದು ಸಾಲು: 'ಕಲ್ಲು ಮೇಷ್ಟ್ರು ಇನ್ನಿಲ್ಲ.' ಹೆಸರು ಬರೆದಿರಲಿಲ್ಲ, ಬರೆಯೋದು ಬೇಕಾಗಿಯೂ ಇರಲಿಲ್ಲ. ಊರಿನಲ್ಲಿ ಎಲ್ಲಿ ಕಲ್ಲು ಕಂಡರೂ ಕೂತು ಕೈಯಲ್ಲಿ ಸವರಿ ನೋಡುತ್ತಿದ್ದ ಮನುಷ್ಯ ಅವರೊಬ್ಬರೇ.

ಮೇಷ್ಟ್ರ ನೆನಪಿನ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಅಂತ ಕೇಳಿದ್ದಾರೆ. ಹತ್ತನೇ ಕ್ಲಾಸಿನಲ್ಲಿ ಅವರು ಮಾಡಿದ ಇತಿಹಾಸದ ಪಾಠ ಏನೇನಿತ್ತು ಅಂತ ನೆನಪು ಮಾಡಿಕೊಳ್ಳೋಕೆ ಕೂತೆ. ಏನೂ ಬರಲಿಲ್ಲ. ಬಂದದ್ದು ಮೇಷ್ಟ್ರು ಒಂದು ದಿನ ಕಂಕುಳಲ್ಲಿ ಇಟ್ಟುಕೊಂಡು ಬಂದ ಶಾಲೆಯ ದಾಖಲಾತಿ ರಿಜಿಸ್ಟರು. ಆಫೀಸಿನ ಬೀರುವಿನಿಂದ ಹೆಡ್ ಮಾಸ್ಟರನ್ನು ಕಾಡಿ ಬೇಡಿ ತಂದಿದ್ದರು. ನಮ್ಮೆಲ್ಲರ ಹುಟ್ಟಿದ ತಾರೀಕು ಜೋರಾಗಿ ಓದಿದರು. ಜೂನ್ 1, ಜೂನ್ 1, ಜೂನ್ 5, ಜೂನ್ 1. ಅರ್ಧ ಕ್ಲಾಸು ಒಂದೇ ದಿನ ಹುಟ್ಟಿತ್ತು! ನಾವು ನಕ್ಕೆವು. 'ಸುಳ್ಳು ಅಂತ ಗೊತ್ತಾಯ್ತಲ್ಲ. ಯಾರು ಬರೆದ್ರು, ಯಾಕೆ ಬರೆದ್ರು? ನಿಜ ಯಾರ್ನ ಕೇಳ್ಬೇಕು? ನಾಳೆ ಹೇಳಿ' ಅಂತ ರಿಜಿಸ್ಟರು ಮುಚ್ಚಿಬಿಟ್ಟರು.

ಅವತ್ತು ರಾತ್ರಿ ಅವ್ವನನ್ನು ಕೇಳಿದೆ. 'ರಾಗಿ ಕುಯ್ಲು ನಡೀತಿತ್ತು ಕಣೋ, ಕಣದಲ್ಲೇ ನೋವು ಬಂತು' ಅಂದಳು. ಅಂದರೆ ನಾನು ಹುಟ್ಟಿದ್ದು ಜೂನ್ ಅಲ್ಲ, ಕಾರ್ತಿಕದ ಹೊತ್ತಿಗೆ. ಶಾಲೆಗೆ ಸೇರಿಸೋಕೆ ವಯಸ್ಸು ಸಾಲಬೇಕಲ್ಲ, ಅದಕ್ಕೆ ಒಂದನೇ ಕ್ಲಾಸಿನ ಮೇಷ್ಟ್ರೇ ನನಗೊಂದು ಹುಟ್ಟುಹಬ್ಬ ಕೊಟ್ಟಿದ್ದರು. ನನ್ನ ಆಧಾರ್ ಕಾರ್ಡಿನಲ್ಲಿ ಇವತ್ತಿಗೂ ಅದೇ ಇದೆ.

ಆಮೇಲೆ ಬೆಳಗೊಳ. ನಮ್ಮದು ಚನ್ನರಾಯಪಟ್ಟಣದ ಕಡೆ, ಶ್ರವಣಬೆಳಗೊಳ ಸೈಕಲ್ ದೂರ. ಬೆಟ್ಟ ಹತ್ತಿ ಗೊಮ್ಮಟನ್ನ ನೋಡಿ ಪುರಿ ತಿಂದು ಬರೋ ಪ್ರವಾಸ ಅಂದುಕೊಂಡಿದ್ದೆವು. ಮೇಷ್ಟ್ರು ನಮ್ಮನ್ನ ಬೆಟ್ಟಕ್ಕೆ ಬಿಡದೆ ಊರೊಳಗಿನ ಭಂಡಾರಿ ಬಸದಿಗೆ ಕರೆದುಕೊಂಡು ಹೋದರು. ಹೊಯ್ಸಳರ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ್ದು. ಅಲ್ಲಿ ವಿಜಯನಗರದ ಬುಕ್ಕರಾಯನ 1368ರ ಶಾಸನ ಇದೆ. ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲು, ಪರೀಕ್ಷೆಯಲ್ಲಿ ಒಂದೇ ಮಾರ್ಕು: ಬುಕ್ಕ ಜೈನರಿಗೂ ವೈಷ್ಣವರಿಗೂ ರಾಜಿ ಮಾಡಿಸಿದ. ಮುಗೀತು.

ಮೇಷ್ಟ್ರ ಬ್ಯಾಗಿನಲ್ಲಿ ನಮ್ಮ ಕಡೆಯ ಶಾಸನಗಳನ್ನು ಅಚ್ಚು ಹಾಕಿಸಿದ ಪುಸ್ತಕಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 2ನೇ ಸಂಪುಟ, ಇಡೀ ಪುಸ್ತಕ ಬೆಳಗೊಳದ ಶಾಸನಗಳದ್ದೇ. ಒಂದೊಂದೇ ಸಾಲು ಓದಿ ಬಿಡಿಸಿ ಹೇಳಿದರು. ಜೈನರು ತಮಗೆ ಅನ್ಯಾಯ ಆಗ್ತಿದೆ ಅಂತ ರಾಜನ ಹತ್ತಿರ ಹೋದರು. ರಾಜ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ, ಎರಡು ದರ್ಶನಕ್ಕೂ ಭೇದ ಇಲ್ಲ ಅಂದ. ಜೈನರ ಮನೆಗೆ ವರ್ಷಕ್ಕೆ 1 ಹಣದಂತೆ ಎತ್ತಿ ಬೆಳಗೊಳದ ದೇವರಿಗೆ 20 ಜನ ಕಾವಲಿನವರನ್ನು ಇಡಬೇಕು, ಉಳಿದ ದುಡ್ಡಿನಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಆ ದುಡ್ಡು ಎತ್ತೋನು ವೈಷ್ಣವರ ಕಡೆಯ ತಿರುಮಲೆಯ ತಾತಯ್ಯ.

ನಮ್ಮ ಕ್ಲಾಸಿನಲ್ಲಿ ಬಾಯೇ ಬಿಡದ ಒಬ್ಬಳು ಹುಡುಗಿ ಇದ್ದಳು. ಅವಳು ಮೆಲ್ಲಗೆ ಕೇಳಿದಳು: 'ತೊಂದ್ರೆ ಆಗಿದ್ದು ಜೈನರಿಗೆ ಅಲ್ವಾ ಸಾರ್? ದುಡ್ಡೂ ಅವರೇ ಯಾಕೆ ಕೊಡ್ಬೇಕು?'

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. 'ಒಳ್ಳೇ ಪ್ರಶ್ನೆ ಕಣಮ್ಮ, ನಂಗೂ ಗೊತ್ತಿಲ್ಲ' ಅಂದರು. ಆಮೇಲೆ ಅಲ್ಲೇ ಜಗಲಿ ಮೇಲೆ ಜಗಳ ಶುರುವಾಯಿತು. ಒಬ್ಬ, ರಾಜ ಒಳ್ಳೆಯವನು ಅಂದ. ಇನ್ನೊಬ್ಬ, ಬೇಲಿ ಕಾಯೋಕೆ ಕೂಲಿ ಕೊಡೋದು ಹೊಲದವನೇ ತಾನೇ ಅಂದ. ನಾನು, ಕಲ್ಲು ಕೆತ್ತಿಸಿದವರು ಯಾರು ಅಂತ ಮೊದಲು ನೋಡಬೇಕು ಅಂದೆ. (ಇದನ್ನ ಮೇಷ್ಟ್ರು ಮೆಚ್ಚಿಕೊಂಡರು. ನನ್ನ ವಕೀಲಿಕೆ ಶುರುವಾಗಿದ್ದೇ ಅಲ್ಲಿ ಅಂತ ನನ್ನ ಹೆಂಡತಿಗೆ ಹೇಳಿ ಹೇಳಿ ಅವಳಿಗೆ ಬೇಜಾರಾಗಿದೆ.) ಬೆಟ್ಟ ಹತ್ತೋಕೆ ಹೊತ್ತೇ ಉಳಿಯಲಿಲ್ಲ. ಗೊಮ್ಮಟನ್ನ ಆ ಸಲ ಕೆಳಗಿನಿಂದಲೇ ನೋಡಿದೆವು.

ಇನ್ನು ನಮ್ಮ ಕಿತಾಪತಿ. ದಾನ ಕೊಟ್ಟ ಶಾಸನಗಳ ಕೊನೆಯಲ್ಲಿ ಶಾಪ ಇರುತ್ತದಲ್ಲ, ಇದನ್ನು ಕೆಡಿಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ, ಅದು ನಮಗೆ ಭಾರೀ ಹಿಡಿಸಿಬಿಟ್ಟಿತ್ತು. ಶಾಲೆಯ ಹಿತ್ತಲಲ್ಲಿ ಹೊಂಗೆ ಮರದ ಕೆಳಗೆ ಒಂದು ಕಲ್ಲು ಚಪ್ಪಡಿ. ಬುತ್ತಿ ಉಣ್ಣೋಕೆ ಅದೇ ಜಾಗ, ನಾವು 'ಬಿ' ಸೆಕ್ಷನ್, 'ಎ' ಸೆಕ್ಷನ್‌ನವರು ದಿನಾ ಮೊದಲೇ ಬಂದು ಹಿಡಿಯುತ್ತಿದ್ದರು. ನನ್ನ ಗೆಳೆಯನೊಬ್ಬನ ಅಪ್ಪ ಕಲ್ಲು ಕುಟ್ಟುವವರು. ಅವನು ಮನೆಯಿಂದ ಉಳಿ ಸುತ್ತಿಗೆ ತಂದ. ನಾನು ಸೀಮೆಸುಣ್ಣದಲ್ಲಿ ಬರೆದೆ, ಅವನು ಕೆತ್ತಿದ. ನಾಲ್ಕು ಭಾನುವಾರ ಹಿಡಿಯಿತು. ಮೇಲೆ ಸೂರ್ಯ, ಚಂದ್ರ. ಕೆಳಗೆ: 'ಸ್ವಸ್ತಿಶ್ರೀ ಹತ್ತನೆಯ ಬಿಗೆ ಬಿಟ್ಟ ಕಲ್ಲು. ತಪ್ಪಿದವ ಹರವತ್ತು ಸಾವಿರ ವರ್ಷ ಹುಳ.'

ಸೋಮವಾರ ಹೆಡ್ ಮಾಸ್ಟರು ಬೆತ್ತ ಹಿಡಿದು ನಿಂತಿದ್ದರು. ಮೇಷ್ಟ್ರು ಅಡ್ಡ ಬಂದು, 'ಸಾರ್, ಶಾಸನ ಸಿಕ್ಕಿದೆ ಅಂದ್ಮೇಲೆ ಮೊದಲು ಓದಿ ನೋಡ್ಬೇಕು' ಅಂದರು. ಎರಡೂ ಸೆಕ್ಷನ್ನನ್ನು ಹಿತ್ತಲಿಗೆ ಕರೆದರು. ಕಲ್ಲನ್ನು ನೀರು ಹಾಕಿ ಬ್ರಶ್ಶಿನಲ್ಲಿ ಉಜ್ಜಿಸಿದರು. ಒದ್ದೆ ಕಾಗದ ಹಾಸಿ, ಅಕ್ಷರದ ಗುಂಡಿಯೊಳಗೆ ಇಳಿಯುವಂತೆ ಬ್ರಶ್ಶಿನಲ್ಲೇ ಹಗುರವಾಗಿ ಬಡಿದರು. ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೇಲೆ ಮೇಲೆ ಒತ್ತಿದರು. ಕಾಗದ ಕಪ್ಪಾಯಿತು, ನಮ್ಮ ಕಳ್ಳ ಅಕ್ಷರಗಳೆಲ್ಲ ಬೆಳ್ಳಗೆ ಎದ್ದು ಬಂದವು. ಪಡಿಯಚ್ಚು ತೆಗೆಯೋದು ಅಂದರೆ ಇದು. ಆ ಪೀರಿಯಡ್ಡಿನಲ್ಲಿ ಯಾರೂ ಆಕಳಿಸಲಿಲ್ಲ.

'ಈಗ ಕಾಲ ಹೇಳಿ' ಅಂದರು. ಕಲ್ಲಿನ ಪುಡಿ ಇನ್ನೂ ಅಲ್ಲೇ ಬಿದ್ದಿದೆ ಸಾರ್, ಹೊಸದು. 'ಬರೆಸಿದವರು?' ಲಾಭ ಯಾರಿಗೋ ಅವರು ಸಾರ್, ಅಂತ 'ಎ' ಸೆಕ್ಷನ್ ಒಟ್ಟಾಗಿ ಕೂಗಿತು. 'ಬರೆದವನು?' ಯಾರೂ ಮಾತಾಡಲಿಲ್ಲ. ಮೇಷ್ಟ್ರು 'ಹರವತ್ತು' ಅನ್ನೋದರ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ನಮ್ಮ ಕಡೆ ಅಕಾರ ಹಕಾರ ಜಾಗ ಬದಲಾಯಿಸೋದು ಗೊತ್ತೇ ಇದೆ. ನನ್ನ ನೋಟ್ಸಿನಲ್ಲಿ ಹಸು 'ಅಸು' ಆಗಿ ಕೆಂಪು ಗೀಟು ತಿಂದಿದ್ದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಕಡೆ ಒಂದು ಸಲ ನೋಡಿ, ಹೆಡ್ ಮಾಸ್ಟರಿಗೆ, 'ಬರೆದವನ ಹೆಸರು ಶಾಸನದಲ್ಲಿಲ್ಲ ಸಾರ್' ಅಂದುಬಿಟ್ಟರು.

ಇಷ್ಟೆಲ್ಲ ಮಾಡಿ ಪೋರ್ಷನ್ ಮುಗಿಸಿದರಾ ಅಂದರೆ, ಇಲ್ಲ. ಯುರೋಪಿನ ಇತಿಹಾಸ ನಾವೇ ಗೈಡ್ ಇಟ್ಟುಕೊಂಡು ಉರು ಹೊಡೆದೆವು. ಸಮಾಜದಲ್ಲಿ ನನಗೆ ಬಂದದ್ದು 61. ಆದರೆ ಭೂಮಿ ವ್ಯಾಜ್ಯದಲ್ಲಿ ಹಳೇ ಕ್ರಯಪತ್ರ ಎದುರಿಗೆ ಬಂದಾಗ, ಬರೆದವನು ಯಾರು, ಲಾಭ ಯಾರಿಗೆ, ಮಸಿ ಯಾವ ಕಾಲದ್ದು ಅಂತ ನಾನು ಕೇಳಿದರೆ ಎದುರು ಪಾರ್ಟಿಯ ವಕೀಲರು ಬೆವರುತ್ತಾರೆ. ಜಂಬ ಅಲ್ಲ, ಬೇಕಾದರೆ ವಿಚಾರಿಸಿ.

ನನ್ನ ಮಗಳ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಇದೆ. ಅದರಲ್ಲಿ ಬುಕ್ಕರಾಯ ಬಣ್ಣಬಣ್ಣವಾಗಿ ಬರುತ್ತಾನೆ, ಕೆಳಗೆ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಟಿಕ್. ಅವಳಿಗೆ 98 ಬಂತು. ದುಡ್ಡು ಕೊಟ್ಟವರು ಯಾರು ಅಂತ ಕೇಳಿದೆ. 'ಅದು ಸಿಲಬಸ್ಸಿನಲ್ಲಿಲ್ಲ ಅಪ್ಪ' ಅಂದಳು. ಈಗಿನ ಮೇಷ್ಟ್ರುಗಳನ್ನು ಸುಮ್ನೆ ಬೈಯಲ್ಲ. ಗಣತಿ, ಚುನಾವಣೆ, ಮೊಟ್ಟೆ ಲೆಕ್ಕ ಎಲ್ಲ ಅವರ ತಲೆ ಮೇಲೇ. ಆದರೂ ಕೇಳಿಕೊಳ್ಳೋದಿಷ್ಟೇ, ವರ್ಷಕ್ಕೆ ನಾಲ್ಕು ಪೀರಿಯಡ್ಡಾದರೂ ಒಂದು ಮೂಲ ದಾಖಲೆ ಮಕ್ಕಳ ಕೈಗೆ ಕೊಟ್ಟು, ನೀವು ಸುಮ್ಮನೆ ಕೂತುಬಿಡಿ. ನಮ್ಮ ಮೇಷ್ಟ್ರು ಬಸ್ಸಿನಲ್ಲಿ ಹೊತ್ತು ತರುತ್ತಿದ್ದ ಸಂಪುಟ ಇವತ್ತು ಫೋನಿನಲ್ಲೇ ಬಿಟ್ಟಿ ಸಿಗುತ್ತದೆ. ಏನೂ ಇಲ್ಲದಿದ್ದರೆ ಊರ ಬಾಗಿಲಲ್ಲಿ ವೀರಗಲ್ಲು ಇದೆ. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೇ ಪಹಣಿ, ರೇಷನ್ ಕಾರ್ಡು ಇದೆ.

ಹನ್ನೊಂದನೇ ದಿನಕ್ಕೆ ಮೇಷ್ಟ್ರ ಮನೆಗೆ ಹೋಗಿದ್ದೆವು. ಅಮ್ಮಾವ್ರು ಒಂದು ಟ್ರಂಕು ತೋರಿಸಿ, 'ಕಾಗದ ಎಲ್ಲ ನಿಮ್ಮಂಥೋರಿಗೇ ಸರಿ, ನೋಡ್ರಪ್ಪ' ಅಂದರು. ತಳದಲ್ಲಿ ನಮ್ಮ ಕಲ್ಲಿನ ಪಡಿಯಚ್ಚು, ಮಡಿಕೆ ಬಿದ್ದ ಕಡೆ ಹರಿಯುವ ಹಾಗಿತ್ತು. ಮೂಲ ಕಲ್ಲು ಹೊಸ ಕೊಠಡಿ ಕಟ್ಟುವಾಗ ಪಾಯಕ್ಕೆ ಹೋಗಿದೆ, ಈಗ ಉಳಿದಿರೋದು ಇದೊಂದೇ. ಹಿಂದೆ ತಿರುಗಿಸಿದೆ. ಸಂಪುಟಗಳಲ್ಲಿ ಇರುವ ಹಾಗೇ, ಮೇಷ್ಟ್ರ ಗುಂಡು ಅಕ್ಷರದಲ್ಲಿ:

'ಸ್ಥಳ: ಶಾಲೆಯ ಹಿತ್ತಲು, ಹೊಂಗೆ ಮರದ ಕೆಳಗೆ. ಅಳತೆ: 3 ಅಡಿ, 2 ಅಡಿ. ಕಾಲ: 1990. ಬರೆದವನು: ಗೊತ್ತು. ಕಾಗುಣಿತ ತಿದ್ದಬೇಕು.'