ಈರುಳ್ಳಿಯ ಬುಡದ ಬಿಲ್ಲೆ

ಈರುಳ್ಳಿ ಹೆಚ್ಚುವಾಗ ಬೇರಿನ ಜೊತೆಗೆ ಕತ್ತರಿಸಿ ಎಸೆಯುವ ಬುಡದ ಗಟ್ಟಿ ಬಿಲ್ಲೆಯೇ ಆ ಗಿಡದ ನಿಜವಾದ ಕಾಂಡ. ನಾವು ತಿನ್ನುವ ಪದರಗಳು ಆಹಾರ ತುಂಬಿಕೊಂಡು ದಪ್ಪಗಾದ ಎಲೆಬುಡಗಳು. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ, ಅಂದರೆ ಗಿಡದ ಚಿಕ್ಕ ತುಣುಕನ್ನು ಕ್ರಿಮಿರಹಿತ ಬಾಟಲಿಯಲ್ಲಿ ಪೋಷಿಸಿ, ಈರುಳ್ಳಿ ಸಸಿ ಬೆಳೆಸಲು ಹೊರಟಾಗ ನನಗೆ ಮೊದಲು ಮನದಟ್ಟಾದದ್ದು ಇದೇ: ಪದರದ ತುಣುಕಿಗೆ ಈ ಬಿಲ್ಲೆಯ ಚೂರು ಅಂಟಿಕೊಂಡಿರದಿದ್ದರೆ, ಎಷ್ಟೇ ಒಳ್ಳೆಯ ಮಾಧ್ಯಮದಲ್ಲಿ (ಪೋಷಕಾಂಶಗಳ ಮಿಶ್ರಣದಲ್ಲಿ) ಇಟ್ಟರೂ ಚಿಗುರು ಹೊರಡುವುದು ತೀರಾ ಅಪರೂಪ.

ಗಡ್ಡೆಯ ಒಣಸಿಪ್ಪೆ, ಬೇರು, ಹೊರಪದರಗಳನ್ನೆಲ್ಲ ತೆಗೆದು, ಉಳಿದ ತಿರುಳನ್ನು ಶೇ. 70ರ ಆಲ್ಕೋಹಾಲ್‌ನಲ್ಲಿ ಅರ್ಧ ನಿಮಿಷ, ಅನಂತರ ಕ್ರಿಮಿನಾಶಕವಾದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ 15–20 ನಿಮಿಷ ಅದ್ದಿಟ್ಟು, ಕ್ರಿಮಿರಹಿತ ನೀರಿನಲ್ಲಿ ಮೂರು ಬಾರಿ ತೊಳೆಯುತ್ತೇನೆ. ಬಳಿಕ ಸೋಸಿದ ಶುದ್ಧ ಗಾಳಿ ಬೀಸುವ ಲ್ಯಾಮಿನಾರ್ ಫ್ಲೋ ಪೆಟ್ಟಿಗೆಯ ಮುಂದೆ ಕುಳಿತು, ಪಕ್ಕಪಕ್ಕದ ಎರಡು ಪದರಗಳು ಬುಡದ ಚೂರಿನಿಂದ ಕೂಡಿಕೊಂಡೇ ಇರುವಂತೆ ಗಡ್ಡೆಯನ್ನು ಉದ್ದಕ್ಕೆ ಸೀಳುತ್ತೇನೆ. ಮೊಗ್ಗು ಮೂಡುವುದು ಆ ಎರಡು ಪದರಗಳ ನಡುವಿನ ಸಂದಿಯಲ್ಲಿ.

ಮಾಧ್ಯಮವು ಮುರಾಶಿಗೆ ಮತ್ತು ಸ್ಕೂಗ್ ಎಂಬ ಇಬ್ಬರು ಸಸ್ಯವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಲವಣಗಳ ಮಿಶ್ರಣ. ಅದಕ್ಕೆ ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಿಸಲು ಸುಮಾರು 8 ಗ್ರಾಂ ಅಗರ್ ಸೇರಿಸಿ, ಪಿಎಚ್ 5.8ಕ್ಕೆ ತಂದು, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಟೋಕ್ಲೇವ್ ಮಾಡಬೇಕು, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿರಹಿತಗೊಳಿಸಬೇಕು. ಚಿಗುರಿಗಾಗಿ ಬೆರೆಸುವ ಬಿಎಪಿ ಹಾರ್ಮೋನಿನಲ್ಲಿ ಆಸೆಬುರುಕತನ ಸಲ್ಲದು. ಪ್ರಮಾಣ ಮಿತಿಮೀರಿದರೆ ಚಿಗುರುಗಳು ನೀರು ತುಂಬಿಕೊಂಡು ಗಾಜಿನಂತೆ ಪಾರದರ್ಶಕವಾಗಿ, ಕೊನೆಗೆ ಯಾವುದಕ್ಕೂ ಬಾರದೆ ಹೋಗುತ್ತವೆ.

ಮಣ್ಣಿನಲ್ಲಿ ಬೆಳೆದ ಗಡ್ಡೆಯೊಳಗೆ ಅವಿತ ಬ್ಯಾಕ್ಟೀರಿಯಾ ಎಷ್ಟು ತೊಳೆದರೂ ಉಳಿದುಬಿಡಬಹುದು. ಒಂದೆರಡು ದಿನ ಸ್ವಚ್ಛವಾಗಿದ್ದ ತುಣುಕಿನ ಬುಡದ ಸುತ್ತ, ಅಗರ್‌ನೊಳಗೆ ಹಾಲು ಚೆಲ್ಲಿದಂಥ ಮಬ್ಬು ವರ್ತುಲ ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಹೀಗಾಗಿ ತೆಳುಪೊರೆಯೊಳಗೆ ಇನ್ನೂ ಮುಚ್ಚಿಕೊಂಡಿರುವ ಎಳೆಯ ಹೂಗೊಂಚಲಿನ ಕಡೆಗೇ ನನ್ನ ಒಲವು. ಅದು ಮಣ್ಣು ಸೋಕದೆ ಬೆಳೆದಿರುತ್ತದೆ, ಅಲ್ಲದೆ ಎಳೆಮೊಗ್ಗುಗಳ ಬುಡದಿಂದ ಚಿಗುರುಗಳು ಗುಂಪಾಗಿ ಏಳುತ್ತವೆ.

ಹೂಗೊಂಚಲಿನ ಈ ಶಕ್ತಿಗೆ ಈರುಳ್ಳಿ ತಳಿ ಸಂವರ್ಧನೆಯೇ ಋಣಿಯಾಗಿದೆ. 1925ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ, 'ಇಟಾಲಿಯನ್ ರೆಡ್' ತಳಿಯ ಗಿಡಗಳ ನಡುವೆ ತಳಿವಿಜ್ಞಾನಿ ಹೆನ್ರಿ ಜೋನ್ಸ್ ಅವರಿಗೆ ಫಲವತ್ತಾದ ಪರಾಗವೇ ಇಲ್ಲದ ಗಿಡವೊಂದು ಸಿಕ್ಕಿತು. ಸ್ವಂತ ಪರಾಗದಿಂದ ಬೀಜ ಕಟ್ಟಲಾರದ ಆ ಗಿಡ ಹೂಗೊಂಚಲಿನಲ್ಲೇ ಪುಟ್ಟ ಗಡ್ಡೆಗಳನ್ನು ಬಿಟ್ಟಿತು. ಅವುಗಳಿಂದಲೇ ಅದರ ವಂಶ ಉಳಿದು, ಬೇರೆ ತಳಿಯ ಪರಾಗದಿಂದಷ್ಟೇ ಬೀಜ ಕಟ್ಟುವುದರಿಂದ ಮುಂದೆ ಹೈಬ್ರಿಡ್ ಈರುಳ್ಳಿಗೆ ತಾಯಿಬೇರಾಯಿತು. ಅಂಥ ಗಂಡುಬಂಜೆ (ಫಲವತ್ತಾದ ಪರಾಗವಿಲ್ಲದ) ವಂಶಸಾಲುಗಳನ್ನು ಗುಣ ಬದಲಾಗದಂತೆ ಕಾಪಾಡಿ ಹೆಚ್ಚಿಸಿಕೊಳ್ಳಲು ಅಂಗಾಂಶ ಕೃಷಿ ಈಗ ನೆರವಾಗುತ್ತಿದೆ.

ಬೇರು ಬಿಟ್ಟ ಸಸಿಯನ್ನು ಹೊರತೆಗೆದ ಮೇಲೆ ಅಂಟಿದ ಅಗರ್ ಚೂರೂ ಉಳಿಯದಂತೆ ತೊಳೆಯಬೇಕು, ಇಲ್ಲವಾದರೆ ಅದರಲ್ಲಿನ ಸಕ್ಕರೆಗೆ ಬೂಷ್ಟು ಹಿಡಿಯುತ್ತದೆ. ಬಾಟಲಿಯ ತೇವದಲ್ಲಿ ಬೆಳೆದ ಎಲೆಗಳಿಗೆ ಮೇಣದ ಲೇಪ ತೆಳುವಾಗಿರುವುದರಿಂದ, ಕುಂಡಕ್ಕೆ ಪಾರದರ್ಶಕ ಮುಚ್ಚಳ ಹಾಕಿ ದಿನಕ್ಕಿಷ್ಟೇ ಎಂದು ಸರಿಸುತ್ತ ಹೋಗುತ್ತೇನೆ. ಹೊಸದಾಗಿ ಮೂಡಿದ ಎಲೆಯನ್ನು ಬೆರಳಿನಿಂದ ಸವರಿದಾಗ ಬೂದುಬಣ್ಣದ ಮೇಣ ಅಳಿಸಿ ಹಸಿರು ಗೆರೆಯೊಂದು ಉಳಿಯಬೇಕು. ಅಲ್ಲಿಯವರೆಗೆ ಮುಚ್ಚಳವನ್ನು ಪೂರ್ತಿ ತೆಗೆಯುವುದಿಲ್ಲ.